ಸೆಕೆಂಡ್‌ಹ್ಯಾಂಡ್ ಏಳು ಸೀಟಿನ ಎಸ್‌ಯುವಿ: ಪರೀಕ್ಷೆ ಹಿಂದಿನ ಸಾಲಿನಿಂದ ಶುರುವಾಗಲಿ

ಹಳೆಯ ಗಾಡಿ ನೋಡಲು ಹೋದವರು ಸಾಮಾನ್ಯವಾಗಿ ಮೊದಲು ಬಾನೆಟ್ ಎತ್ತುತ್ತಾರೆ. ಏಳು ಸೀಟಿನ ಎಸ್‌ಯುವಿ ಆದರೆ ಮೊದಲು ಡಿಕ್ಕಿ ಬಾಗಿಲು ಎತ್ತಿ. ಐದು ಸೀಟಿನ ಕಾರಿಗಿಂತ ಹೆಚ್ಚು ಹಣ ಕೊಡುವುದು ಆ ಮೂರನೇ ಸಾಲಿಗಾಗಿ. ಗಾಡಿ ಬೇಗ ಸವೆಯಲು ಕಾರಣವೂ ಆ ಸಾಲೇ, ಅಂದರೆ ಅಲ್ಲಿ ಕೂರುವ ಜನರ ಮತ್ತು ಸಾಮಾನಿನ ಭಾರ. ಬ್ರೇಕ್, ಟೈರ್, ಹಿಂದಿನ ಸಸ್ಪೆನ್ಷನ್, ಗೇರ್‌ಬಾಕ್ಸ್, ರೇಡಿಯೇಟರ್ ಎಲ್ಲವೂ ಈ ಭಾರವನ್ನು ಹೊತ್ತೇ ವಯಸ್ಸಾಗಿರುತ್ತವೆ.

ಮೊದಲು ಭಾರದ ಲೆಕ್ಕ

ಏಳು ಸೀಟು ಇದೆಯೆಂದ ಮಾತ್ರಕ್ಕೆ ಏಳು ಜನ ಮತ್ತು ಅವರ ಪೆಟ್ಟಿಗೆಗಳನ್ನು ಹೊರಬಲ್ಲದು ಎಂದಲ್ಲ. ಮುಂಬಾಗಿಲ ಕಂಬದ ಮೇಲೆ ಅಥವಾ ಬಾನೆಟ್ ಒಳಗೆ ತಯಾರಕರ ಫಲಕ ಇರುತ್ತದೆ. ಗರಿಷ್ಠ ಒಟ್ಟು ತೂಕ ಅಲ್ಲಿ ಸಿಗುತ್ತದೆ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ಮಿತಿಯೂ ಬಹಳಷ್ಟು ಫಲಕಗಳಲ್ಲಿ ಇರುತ್ತದೆ. ಗರಿಷ್ಠ ತೂಕದಿಂದ ಖಾಲಿ ಗಾಡಿಯ ತೂಕ ಕಳೆಯಿರಿ. 2,510 ಕೆಜಿ ಮಿತಿ, 1,980 ಕೆಜಿ ಖಾಲಿ ತೂಕ ಇದ್ದರೆ ಉಳಿಯುವುದು 530 ಕೆಜಿ. ತಲಾ 70 ಕೆಜಿಯ ಏಳು ಜನ ಕೂತರೆ 490 ಕೆಜಿ ಅಲ್ಲೇ ಮುಗಿಯಿತು. ಸಾಮಾನಿಗೆ ಉಳಿದದ್ದು 40 ಕೆಜಿ, ರೂಫ್ ಕ್ಯಾರಿಯರ್‌ನ ತೂಕವೂ ಅದರಲ್ಲೇ ಬರಬೇಕು. ಖಾಲಿ ತೂಕದಲ್ಲಿ ಚಾಲಕನ 75 ಕೆಜಿಯನ್ನು ಕೆಲವು ತಯಾರಕರು ಸೇರಿಸಿರುತ್ತಾರೆ, ಕೆಲವರು ಸೇರಿಸಿರುವುದಿಲ್ಲ. ಕೈಪಿಡಿಯಲ್ಲಿ ನೋಡಿ ಖಚಿತಪಡಿಸಿಕೊಳ್ಳಿ. ಮೂರನೇ ಸಾಲಿನವರು ಹಿಂದಿನ ಚಕ್ರಗಳ ಮೇಲೆ ಅಥವಾ ಅದರ ಹಿಂದೆ ಕೂರುವುದರಿಂದ, ಒಟ್ಟು ಮಿತಿ ತಲುಪುವ ಮೊದಲೇ ಹಿಂದಿನ ಆಕ್ಸಲ್‌ನ ಮಿತಿ ಮುಗಿದುಬಿಡಬಹುದು.

ವರ್ಷಕ್ಕೆ ಎರಡು ಮೂರು ಸಲ ಮಾತ್ರ ಏಳು ಜನ ಕೂರುವ ಮನೆಗೆ ಕಾರಿನ ಹಾಗೆ ಬಾಡಿ ಮತ್ತು ಚಾಸಿ ಒಂದೇ ಆಗಿರುವ, ಅಂದರೆ ಮೊನೊಕಾಕ್ ಗಾಡಿ ಮೇಲು. ನೆಲ ತಗ್ಗಿರುತ್ತದೆ, ಓಟ ಮೆತ್ತಗಿರುತ್ತದೆ. ಏಣಿಯಂಥ ಉಕ್ಕಿನ ಚೌಕಟ್ಟಿನ ಮೇಲೆ ಬಾಡಿ ಕೂರಿಸಿದ ಲ್ಯಾಡರ್ ಫ್ರೇಮ್ ಗಾಡಿ ಕೆಟ್ಟ ದಾರಿಗೆ, ಭಾರ ಎಳೆಯಲು ಗಟ್ಟಿ. ಆದರೆ ಅದರ ನೆಲ ಎತ್ತರ, ಮೂರನೇ ಸಾಲಿನಲ್ಲಿ ಮೊಣಕಾಲು ಎದೆಗೆ ಬರುತ್ತದೆ.

ಮೂರನೇ ಸಾಲು

ಒಂದು ನಿಮಿಷ ಕೂತು ಇಳಿದರೆ ಸಾಲದು. ಎರಡನೇ ಸಾಲನ್ನು ಅಲ್ಲಿ ಕೂರುವವರಿಗೆ ಸರಿಯಾಗುವಂತೆ ಹಿಂದಕ್ಕೆ ಸರಿಸಿ, ಆಮೇಲೆ ನೀವು ಮೂರನೇ ಸಾಲಿಗೆ ಹೋಗಿ ಹದಿನೈದು ನಿಮಿಷ ಕೂತು ಗಾಡಿ ಓಡಿಸಲು ಹೇಳಿ. ಮಗುವಿನ ಸೀಟು ಇರುವ ಮನೆಯವರು ಅದನ್ನು ಜೊತೆಗೇ ಒಯ್ದು ಎರಡನೇ ಸಾಲಿನಲ್ಲಿ ಕಟ್ಟಿ ನೋಡಬೇಕು. ಆ ಸೀಟು ಕಟ್ಟಿದ ಮೇಲೆ ಎರಡನೇ ಸಾಲು ಮಡಚಲು ಬರದೆ, ಹಿಂದಕ್ಕೆ ಹೋಗುವ ದಾರಿಯೇ ಮುಚ್ಚಿಹೋಗುವ ಗಾಡಿಗಳು ಬಹಳ. ಎರಡನೇ ಸಾಲಿನಲ್ಲಿ ಎರಡು ಬಿಡಿ ಸೀಟು ಇರುವ ಮಾದರಿಯಲ್ಲಿ ನಡುವಿನಿಂದ ನುಸುಳಬಹುದು, ಆದರೆ ಆಗ ಒಟ್ಟು ಸೀಟು ಆರಕ್ಕೆ ಇಳಿಯಬಹುದು. ಮಗುವಿನ ಸೀಟು ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಗಳು ಯಾವ ಸೀಟುಗಳಲ್ಲಿವೆ ಎಂದು ಬೆರಳಿಟ್ಟು ಹುಡುಕಿ. ಮೂರನೇ ಸಾಲಿನಲ್ಲಿ ಅವು ಇಲ್ಲದಿರುವುದೇ ಹೆಚ್ಚು.

ಸೀಟುಗಳನ್ನು ಮೂರು ನಾಲ್ಕು ಸಲ ಮಡಚಿ ಎತ್ತಿ. ಲಾಕ್ ಟಕ್ ಎಂದು ಕೂರಬೇಕು, ಒರಗನ್ನು ಹಿಡಿದು ಜಗ್ಗಿದರೆ ಅಲ್ಲಾಡಬಾರದು. ಮೋಟಾರಿನಿಂದ ಮಡಚುವ ಸೀಟಾದರೆ ಎರಡೂ ಕಡೆಯ ಸದ್ದು ಒಂದೇ ರೀತಿ ಇರಬೇಕು. ಪಕ್ಕದ ಕರ್ಟನ್ ಏರ್‌ಬ್ಯಾಗ್ ಮೂರನೇ ಸಾಲಿನವರೆಗೂ ಬರುತ್ತದೆಯೇ ಎಂಬುದು ಆ ಮಾದರಿಯ ಕೈಪಿಡಿಯಲ್ಲಿರುತ್ತದೆ. ಮಕ್ಕಳು ಅಲ್ಲಿ ಕೂರುವವರಾದರೆ ಇದೊಂದನ್ನು ಕೇಳದೆ ಬಿಡಬೇಡಿ.

ಹಿಂದಿನ ಸೀಟ್‌ಬೆಲ್ಟ್‌ಗಳನ್ನು ಕೊನೆಯವರೆಗೂ ಎಳೆಯಿರಿ. ನೀರಿನಲ್ಲಿ ಮುಳುಗಿದ ಗಾಡಿಯ ಗುಟ್ಟು ಇಲ್ಲೇ ಸಿಗುವುದು. ಕಾರ್ಪೆಟ್ ತೊಳೆಯುತ್ತಾರೆ, ಸೀಟ್ ಬದಲಿಸುತ್ತಾರೆ, ಸುರುಳಿಯೊಳಗಿನ ಬೆಲ್ಟ್ ತೊಳೆಯುವವರು ಕಡಿಮೆ. ಅಲ್ಲಿ ಕೆಸರಿನ ಗೆರೆ, ಸೀಟಿನ ಹಳಿಗಳಲ್ಲಿ ತುಕ್ಕು, ಜ್ಯಾಕ್ ಇಡುವ ಗೂಡಿನಲ್ಲಿ ನಯವಾದ ಮಣ್ಣು ಕಂಡರೆ ಬೆಲೆಯ ಮಾತು ಎತ್ತದೆ ಹೊರಟುಬಿಡಿ. ವೈರಿಂಗ್‌ನ ಕನೆಕ್ಟರ್‌ಗಳು ತಿಂಗಳುಗಳ ಮೇಲೆ ಒಂದೊಂದಾಗಿ ತುಕ್ಕು ಹಿಡಿದು ಕೆಡುತ್ತ ಹೋಗುತ್ತವೆ, ಅದಕ್ಕೆ ಕೊನೆಯಿಲ್ಲ.

ಒದ್ದೆ ಕಾರ್ಪೆಟ್‌ಗೆ ಇನ್ನೊಂದು ಕಾರಣ ದೊಡ್ಡ ಸನ್‌ರೂಫ್. ಅದರ ಮೂಲೆಗಳಿಂದ ಸಣ್ಣ ಕೊಳವೆಗಳು ಕಂಬಗಳೊಳಗೆ ಇಳಿದು ನೀರನ್ನು ಗಾಡಿಯ ಕೆಳಗೆ ಬಿಡುತ್ತವೆ. ಧೂಳು, ಎಲೆ ಕಟ್ಟಿಕೊಂಡರೆ ನೀರು ಒಳಗೆ ಇಳಿಯುತ್ತದೆ. ಗಾಜು ತೆರೆದು ಮೂಲೆಯ ಕಾಲುವೆಗೆ ಅರ್ಧ ಲೋಟ ನೀರು ನಿಧಾನವಾಗಿ ಸುರಿಯಿರಿ. ಒಂದು ನಿಮಿಷದೊಳಗೆ ಕೆಳಗೆ ತೊಟ್ಟಿಕ್ಕಬೇಕು.

ಹಿಂದಿನ ಎಸಿ

ಖರೀದಿಯಲ್ಲಿ ಬಹಳ ಜನ ಮರೆಯುವ, ಆಮೇಲೆ ದೊಡ್ಡ ಬಿಲ್ ತರುವ ಭಾಗ ಇದು. ಹಿಂಭಾಗಕ್ಕೆ ಪ್ರತ್ಯೇಕ ಎವಾಪೊರೇಟರ್, ಅಂದರೆ ಗಾಳಿಯನ್ನು ತಂಪು ಮಾಡುವ ಭಾಗ, ಇರುವ ಗಾಡಿಗಳಲ್ಲಿ ಗ್ಯಾಸಿನ ಎರಡು ಅಲ್ಯೂಮಿನಿಯಂ ಪೈಪುಗಳು ಇಂಜಿನ್‌ನಿಂದ ಹಿಂದಿನವರೆಗೆ ಗಾಡಿಯ ಹೊಟ್ಟೆಯ ಕೆಳಗೇ ಹೋಗುತ್ತವೆ. ಕಲ್ಲು, ಕೆಸರು, ಉಪ್ಪಿನಿಂದ ಅವು ಸವೆದು ಸೂಜಿಮೊನೆಯಷ್ಟು ತೂತು ಬೀಳುತ್ತವೆ. ಮಾರುವ ಮುನ್ನ ಗ್ಯಾಸ್ ತುಂಬಿಸಿದರೆ ಕೆಲವು ವಾರ ತಂಪಾಗಿಯೇ ಇರುತ್ತದೆ. ಆದ್ದರಿಂದ ತಂಪು ಇದೆಯೇ ಎಂದಷ್ಟೇ ನೋಡಬೇಡಿ, ಪೈಪಿನ ಜೋಡಣೆಗಳನ್ನು ಟಾರ್ಚ್ ಹಿಡಿದು ನೋಡಿ. ಗ್ಯಾಸ್ ಸೋರುವಾಗ ಕಂಪ್ರೆಸರ್ ಎಣ್ಣೆಯೂ ಜೊತೆಗೆ ಬರುವುದರಿಂದ ಆ ಜಾಗ ಜಿಡ್ಡಾಗಿ ಧೂಳು ಹಿಡಿದಿರುತ್ತದೆ. ಒಂದು ಸಣ್ಣ ಥರ್ಮಾಮೀಟರ್ ಒಯ್ದು, ಹತ್ತು ನಿಮಿಷ ಎಸಿ ಪೂರ್ತಿ ಓಡಿಸಿ, ಮುಂದಿನ ಮತ್ತು ಹಿಂದಿನ ಕಿಂಡಿಗಳ ಉಷ್ಣತೆ ಅಳೆಯಿರಿ. ಮುಂದೆ ತಣ್ಣಗಿದ್ದು ಹಿಂದೆ ಬರೀ ಗಾಳಿ ಬೀಸಿದರೆ ದೋಷ ಅಲ್ಲಿದೆ. ಕೆಲವು ಮಾದರಿಗಳಲ್ಲಿ ಹಿಂದೆ ಕೂಲಿಂಗೇ ಇರುವುದಿಲ್ಲ, ಮುಂದಿನ ಗಾಳಿಯನ್ನು ಫ್ಯಾನ್ ಹಿಂದಕ್ಕೆ ತಳ್ಳುತ್ತದೆ ಅಷ್ಟೆ. ಯಾವುದೆಂದು ಮೊದಲೇ ತಿಳಿದಿರಿ.

ಗಾಡಿಯ ಕೆಳಗೆ

ಸಮತಟ್ಟಾದ ನೆಲದಲ್ಲಿ ಚಕ್ರದ ಮಧ್ಯದಿಂದ ಮೇಲಿನ ಕಮಾನಿನವರೆಗೆ ಟೇಪ್ ಹಿಡಿಯಿರಿ. ಎಡ ಬಲದ ನಡುವೆ ಒಂದೂವರೆ ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಸ್ಪ್ರಿಂಗ್ ಮುರಿದಿರಬಹುದು ಅಥವಾ ಕುಸಿದಿರಬಹುದು. ಹಿಂದಿನ ಶಾಕ್‌ಗಳಲ್ಲಿ ಎಣ್ಣೆ ಇಳಿದಿದೆಯೇ, ಚಕ್ರವನ್ನು ಹಿಡಿದಿಡುವ ಆರ್ಮ್‌ಗಳ ರಬ್ಬರ್ ಬುಷ್ ಸೀಳಿದೆಯೇ ನೋಡಿ. ಏರ್ ಸಸ್ಪೆನ್ಷನ್ ಇದ್ದರೆ ಎಲ್ಲ ಎತ್ತರಗಳಿಗೂ ಏರಿಸಿ ಇಳಿಸಿ. ಸಾಧ್ಯವಾದರೆ ರಾತ್ರಿ ನಿಲ್ಲಿಸಿದ ಗಾಡಿಯನ್ನು ಬೆಳಿಗ್ಗೆ ನೋಡಿ. ಒಂದು ಮೂಲೆ ಕೆಳಗೆ ಕೂತಿದ್ದರೆ ಅಲ್ಲಿನ ಗಾಳಿಚೀಲ ಸೋರುತ್ತಿದೆ. ಅದನ್ನು ತುಂಬಲು ಪದೇ ಪದೇ ಓಡುವ ಕಂಪ್ರೆಸರ್ ಕೂಡ ಬೇಗ ಸುಡುತ್ತದೆ.

ಲ್ಯಾಡರ್ ಫ್ರೇಮ್ ಗಾಡಿಯಲ್ಲಿ ಫ್ರೇಮಿನ ಹಿಂದಿನ ಅರ್ಧವನ್ನು, ಮುಖ್ಯವಾಗಿ ಸ್ಪ್ರಿಂಗ್ ಕೂರುವ ಜಾಗ ಮತ್ತು ಬೆಸುಗೆಗಳ ಸುತ್ತ, ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ಲೋಹ ಖಣ್ ಎನ್ನುತ್ತದೆ, ಒಳಗೆ ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತದೆ. ಫ್ರೇಮಿಗೆ ಮಾತ್ರ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಇನ್ನಷ್ಟು ಎಚ್ಚರ. ಟೋ ಹುಕ್ ಇದ್ದರೆ ಟ್ರೇಲರ್ ಎಳೆದಿರುವ ಸಾಧ್ಯತೆ ಇದೆ, ಗೇರ್‌ಬಾಕ್ಸ್ ಮೇಲೆ ಎರಡು ಪಟ್ಟು ಗಮನ ಇರಲಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದರೆ 2019ರ 23ನೇ ವಾರ. ಆರು ವರ್ಷ ದಾಟಿದ ಟೈರಿಗೆ ಬೆಲೆಯಲ್ಲಿ ಕಡಿತ ಕೇಳಿ, ಸ್ಟೆಪ್ನಿಯ ವಯಸ್ಸನ್ನೂ ನೋಡಿ. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಆಲ್‌ವೀಲ್ ಡ್ರೈವ್ ಆದರೆ ನಾಲ್ಕೂ ಟೈರು ಒಂದೇ ಮಾದರಿಯದಾಗಿ, ಸವೆತವೂ ಹೆಚ್ಚುಕಡಿಮೆ ಸಮವಾಗಿ ಇರಬೇಕು. ಸುತ್ತಳತೆ ಬೇರೆಯಾದರೆ ಮುಂದಿನ ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಿ ನಡುವಿನ ಕ್ಲಚ್ ಸದಾ ಉಜ್ಜುತ್ತಿರುತ್ತದೆ.

ಇಂಜಿನ್, ಗೇರ್‌ಬಾಕ್ಸ್

ನೀವು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಎಂದು ಹೇಳಿಡಿ, ಬಂದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ವಾಲ್ವ್‌ಗಳನ್ನು ಸಮಯಕ್ಕೆ ಸರಿಯಾಗಿ ತೆರೆಸುವ ಟೈಮಿಂಗ್ ಚೈನ್ ಸಡಿಲಾಗಿದ್ದರೆ ಗಲಗಲ ಸದ್ದು ತಣ್ಣನೆಯ ಸ್ಟಾರ್ಟಿನ ಮೊದಲ ಕೆಲವು ಕ್ಷಣಗಳಲ್ಲೇ ಕೇಳುವುದು. ನೀಲಿ ಹೊಗೆ ಎಣ್ಣೆ ಉರಿಯುತ್ತಿರುವುದಕ್ಕೆ, ಬಿಸಿಯಾದ ಮೇಲೂ ನಿಲ್ಲದ, ಸಿಹಿ ವಾಸನೆಯ ಬಿಳಿ ಹೊಗೆ ಕೂಲಂಟ್ ಒಳಹೋಗುತ್ತಿರುವುದಕ್ಕೆ ಗುರುತು. ಟೈಮಿಂಗ್ ಬೆಲ್ಟ್ ಇರುವ ಇಂಜಿನ್‌ಗೆ ಬೆಲ್ಟ್ ಬದಲಿಸಿದ ರಸೀದಿ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ ಹಾಕಿ. ಅದು ತುಂಡಾದರೆ ಬಹಳಷ್ಟು ಇಂಜಿನ್‌ಗಳಲ್ಲಿ ಪಿಸ್ಟನ್ ಮತ್ತು ವಾಲ್ವ್ ಗುದ್ದಿಕೊಳ್ಳುತ್ತವೆ.

ಡೀಸೆಲ್ ಗಾಡಿಯಲ್ಲಿ ಹಿಂದಿನವರು ಹೇಗೆ ಓಡಿಸಿದ್ದರು ಎಂಬುದು ಕಿಲೋಮೀಟರ್‌ಗಿಂತ ಮುಖ್ಯ. ಹೊಗೆಯ ಮಸಿಯನ್ನು ಹಿಡಿಯುವ ಡಿಪಿಎಫ್ ಫಿಲ್ಟರ್ ತನ್ನನ್ನು ತಾನು ಸುಟ್ಟು ಶುಚಿಮಾಡಿಕೊಳ್ಳಲು ಸುಮಾರು 600 ಡಿಗ್ರಿ ಬಿಸಿ ಬೇಕು. ಶಾಲೆ, ಅಂಗಡಿ, ಮನೆ ಎಂದು ಎರಡು ಮೂರು ಕಿ.ಮೀ. ಓಡಿ ನಿಲ್ಲುವ ಗಾಡಿಗೆ ಆ ಬಿಸಿ ಬರುವುದೇ ಇಲ್ಲ. ಇಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಬಿಸಿ ಏರಿಸಲು ಹೊರಡುತ್ತದೆ, ನಡುವೆ ಗಾಡಿ ಆಫ್ ಆಗುತ್ತದೆ, ಉರಿಯದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಜಾರಿ ಇಂಜಿನ್ ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಗರಿಷ್ಠ ಗೆರೆಗಿಂತ ಮೇಲಿದ್ದು ಡೀಸೆಲ್ ವಾಸನೆ ಬಂದರೆ ಇದೇ ಕಥೆ. ತೆಳುವಾದ ಆಯಿಲ್ ಮೊದಲು ಟರ್ಬೋ ಬೇರಿಂಗ್ ತಿನ್ನುತ್ತದೆ. ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿಸಿ ಫಿಲ್ಟರಿನ ಕೊನೆಯ ಶುದ್ಧೀಕರಣ ಎಷ್ಟು ಕಿ.ಮೀ. ಹಿಂದೆ ಆಯಿತು, ಮಸಿ ಎಷ್ಟು ತುಂಬಿದೆ ನೋಡಿ. ಕೆಲವು ನೂರು ಕಿ.ಮೀ.ಗೊಮ್ಮೆ ನಡೆಯುತ್ತಿದ್ದರೆ ಸರಿ. 100 ಕಿ.ಮೀ. ಒಳಗೆ ಮತ್ತೆ ಮತ್ತೆ ನಡೆಯುತ್ತಿದ್ದರೆ ಫಿಲ್ಟರ್ ಕಟ್ಟಿದೆ, ಇಲ್ಲವೇ ಇಂಜೆಕ್ಟರ್ ಅಥವಾ ಹೊಗೆಯ ಒಂದು ಪಾಲನ್ನು ಇಂಜಿನ್‌ಗೆ ಮರಳಿಸುವ ಇಜಿಆರ್ ಹೆಚ್ಚು ಮಸಿ ಮಾಡುತ್ತಿದೆ. ಸೈಲೆನ್ಸರ್ ತಣ್ಣಗಿರುವಾಗ ಅದರ ಬಾಯೊಳಗೆ ಬೆರಳಾಡಿಸಿ. ಡಿಪಿಎಫ್ ಇರಬೇಕಾದ ಗಾಡಿಯಲ್ಲಿ ಬೆರಳಿಗೆ ದಪ್ಪ ಕಪ್ಪು ಮಸಿ ಹತ್ತಿದರೆ ಫಿಲ್ಟರ್ ಒಡೆದಿದೆ ಅಥವಾ ಯಾರೋ ತೆಗೆದುಹಾಕಿದ್ದಾರೆ. ನಿಮ್ಮ ಓಡಾಟವೂ ದಿನಕ್ಕೆ ನಾಲ್ಕೈದು ಕಿ.ಮೀ. ಮಾತ್ರ ಆದರೆ ಪೆಟ್ರೋಲ್ ಅಥವಾ ಹೈಬ್ರಿಡ್ ನೋಡಿ.

ಅದೇ ಸ್ಕ್ಯಾನರ್‌ನಲ್ಲಿ ಹೊಗೆ ನಿಯಂತ್ರಣದ ಸ್ವಯಂ ಪರೀಕ್ಷೆಗಳು ಪೂರ್ಣವಾಗಿವೆಯೇ ಎಂದೂ ನೋಡಿ. ದೋಷದ ಕೋಡ್ ಒಂದೂ ಇಲ್ಲ, ಆದರೆ ಪರೀಕ್ಷೆಗಳೆಲ್ಲ ಅಪೂರ್ಣ ಎಂದು ತೋರಿಸಿದರೆ ಯಾರೋ ಈಚೆಗೆ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಕಳಚಿದ್ದಾರೆ. ಐವತ್ತು ಅರವತ್ತು ಕಿ.ಮೀ. ಓಡಿದ ಮೇಲೆ ಮತ್ತೆ ನೋಡುತ್ತೇನೆ ಎನ್ನಿ.

ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನ ಎಣ್ಣೆ ಜೀವಮಾನಕ್ಕೆ ಸಾಕು ಎಂಬ ಮಾತನ್ನು ಭಾರ ಹೊರುವ ಗಾಡಿಯ ವಿಷಯದಲ್ಲಿ ನಂಬಬೇಡಿ. 60,000ದಿಂದ 80,000 ಕಿ.ಮೀ.ಗೊಮ್ಮೆ ಬದಲಿಸಿದ ದಾಖಲೆ ಇದ್ದರೆ ಒಳ್ಳೆಯದು. 50ರಿಂದ 70 ಕಿ.ಮೀ. ವೇಗದಲ್ಲಿ ಆಕ್ಸಿಲರೇಟರ್ ಹಗುರವಾಗಿ ಒತ್ತಿ ಹೋಗುವಾಗ ಉಬ್ಬುಗೆರೆಗಳ ಮೇಲೆ ಹೋದ ಹಾಗೆ ನಡುಗಿದರೆ, ಇಂಜಿನ್ ಬಲವನ್ನು ಗೇರ್‌ಬಾಕ್ಸ್‌ಗೆ ಸಾಗಿಸುವ ಟಾರ್ಕ್ ಕನ್ವರ್ಟರ್‌ನ ಲಾಕ್ ಕ್ಲಚ್ ಜಾರುತ್ತಿದೆ. ನಿಂತಲ್ಲಿ ರಿವರ್ಸ್‌ನಿಂದ ಡ್ರೈವ್‌ಗೆ ಹಾಕಿದಾಗ ಎರಡು ಸೆಕೆಂಡ್ ಕಳೆದು ಧಡ್ ಎಂದು ಹಿಡಿದರೂ ಅನುಮಾನ. ಆಲ್‌ವೀಲ್ ಡ್ರೈವ್ ಗಾಡಿಯ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಡಾಂಬರಿನ ಮೇಲೆ ನಿಧಾನವಾಗಿ ವೃತ್ತ ಹೊಡೆಯಿರಿ, ಎಳೆದು ಹಿಡಿದಂತೆ ಕುಪ್ಪಳಿಸಬಾರದು. ಲಿವರ್ ಹಾಕಿ ಫೋರ್‌ವೀಲ್ ಜೋಡಿಸುವ ಹಳೆಯ ಬಗೆಯಲ್ಲಿ ಇದನ್ನು ಟೂವೀಲ್‌ನಲ್ಲೇ ಮಾಡಬೇಕು. ಒಣ ರಸ್ತೆಯಲ್ಲಿ ಫೋರ್‌ವೀಲ್ ಜೋಡಿಸಿದರೆ ಅದು ಬಿಗಿಯುವುದು ಸಹಜ.

ತುಂಬಿದ ಗಾಡಿಯ ಟೆಸ್ಟ್ ಡ್ರೈವ್

ಒಬ್ಬರೇ ಹೋಗಬೇಡಿ, ಐದಾರು ಜನ ಹತ್ತಿ. ಖಾಲಿ ಗಾಡಿಯಲ್ಲಿ ಅಡಗಿರುವ ದೋಷಗಳು ಭಾರ ಬಿದ್ದಾಗ ಹೊರಬರುತ್ತವೆ. ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ, ಏರು, ಹೆದ್ದಾರಿ, ಹಳ್ಳದ ರಸ್ತೆ ಮೂರೂ ಇರಲಿ. ಏರಿನಲ್ಲಿ ಎಸಿ ಹಾಕಿಯೇ ಹೋಗಿ, ಉಷ್ಣತೆಯ ಮುಳ್ಳು ನಡುಗೆರೆ ಬಿಟ್ಟು ಮೇಲೇರಬಾರದು. ಹಿಂದೆ ವಾಹನ ಇಲ್ಲದಾಗ 80ರಿಂದ ಗಟ್ಟಿಯಾಗಿ ಬ್ರೇಕ್ ಒತ್ತಿ. ಸ್ಟಿಯರಿಂಗ್ ನಡುಗಿದರೆ ಡಿಸ್ಕ್ ಸಮನಾಗಿಲ್ಲ. ವೇಗದ ಜೊತೆ ಏರುವ ಗುಂಯ್ ಸದ್ದು ತಿರುವಿನಲ್ಲಿ ಬದಲಾದರೆ ಚಕ್ರದ ಬೇರಿಂಗ್ ಹೋಗಿದೆ.

ಟೈರ್, ಬ್ರೇಕ್, ಬ್ಯಾಟರಿ, ಶಾಕ್, ಬುಷ್ ಇವೆಲ್ಲ ಚೌಕಾಸಿಯ ವಿಷಯ. ಫ್ರೇಮಿನ ತುಕ್ಕು, ಮುಳುಗಡೆ, ಜಾರುವ ಗೇರ್‌ಬಾಕ್ಸ್, ಎಣ್ಣೆ ಬೆರೆತ ಕೂಲಂಟ್, ಗಾಜಿನ ಕೆಳಗಿನ 17 ಅಕ್ಷರದ ಚಾಸಿ ಸಂಖ್ಯೆ ಲೋಹದ ಮೇಲಿನದಕ್ಕೆ ಅಥವಾ ಕಾಗದಕ್ಕೆ ತಾಳೆಯಾಗದಿರುವುದು, ಇವು ಚೌಕಾಸಿಯ ವಿಷಯವಲ್ಲ. ಅದೇ ಸಂಖ್ಯೆ ಕೊಟ್ಟು ಬಾಕಿ ಇರುವ ರೀಕಾಲ್ ಕೆಲಸ (ತಯಾರಕರೇ ಗಾಡಿ ಕರೆಸಿ ದೋಷ ಸರಿಪಡಿಸುವುದು) ಇದೆಯೇ ಎಂದು ತಯಾರಕರ ಸರ್ವಿಸ್ ಕೇಂದ್ರದಲ್ಲಿ ಕೇಳಿ. ಬಾಡಿಗೆಗೆ ಓಡಿದ ಗಾಡಿಯಾದರೆ ಚಾಲಕನ ಸೀಟಿಗಿಂತ ಎರಡನೇ ಸಾಲಿನ ಬಾಗಿಲ ಹೊಸ್ತಿಲು, ಬೆಲ್ಟಿನ ಬಕಲ್ ಹೆಚ್ಚು ಹೇಳುತ್ತವೆ.

ಮನೆಗೆ ತಂದ ಮೇಲೆ

ಮೊದಲ ತಿಂಗಳಲ್ಲೇ ಇಂಜಿನ್ ಆಯಿಲ್, ಎಲ್ಲ ಫಿಲ್ಟರ್, ಕೂಲಂಟ್, ಬ್ರೇಕ್ ಎಣ್ಣೆ, ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಎಣ್ಣೆ ಬದಲಿಸಿ ದಿನಾಂಕ ಬರೆದಿಡಿ. ಖರೀದಿ ಬೆಲೆಯ ಹತ್ತನೇ ಒಂದು ಭಾಗವನ್ನು ಇದಕ್ಕೆಂದೇ ಎತ್ತಿಟ್ಟುಕೊಂಡು ಹೊರಡುವುದು ಜಾಣತನ. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ, ತೇವ ಸೇರಿದಷ್ಟೂ ಬೇಗ ಕುದಿಯುತ್ತದೆ. ತುಂಬಿದ ಗಾಡಿ ಉದ್ದ ಇಳಿಜಾರಿನಲ್ಲಿ ಪೆಡಲ್ ಮೆತ್ತಗಾಗುವುದು ಹೀಗೆ. ಎರಡು ವರ್ಷಕ್ಕೊಮ್ಮೆ ಬದಲಿಸಿ, ಇಳಿಜಾರಿನಲ್ಲಿ ಕಡಿಮೆ ಗೇರ್ ಹಾಕಿ. ಡಿಪಿಎಫ್ ಇರುವ ಗಾಡಿಯನ್ನು ವಾರಕ್ಕೊಮ್ಮೆ ಅರ್ಧ ಗಂಟೆ ಹೆದ್ದಾರಿಯಲ್ಲಿ 2,000 ಆರ್‌ಪಿಎಂಗಿಂತ ಕೆಳಗಿಳಿಯದಂತೆ ಓಡಿಸಿ.

ಬಾಗಿಲ ಕಂಬದ ಚೀಟಿಯಲ್ಲಿ ತುಂಬಿದ ಗಾಡಿಯ ಟೈರ್ ಒತ್ತಡ ಬೇರೆಯಾಗಿ ಬರೆದಿದ್ದರೆ ಹೊರಡುವ ಮುನ್ನ, ಟೈರ್ ತಣ್ಣಗಿರುವಾಗಲೇ, ಅಷ್ಟು ತುಂಬಿಸಿ. ಹಿಂದೆ ಭಾರ ಬಿದ್ದಾಗ ಮೂತಿ ಮೇಲೇಳುತ್ತದೆ, ಹೆಡ್‌ಲೈಟಿನ ಮಟ್ಟ ತಗ್ಗಿಸುವ ಗುಂಡಿ ಇರುವುದು ಇದಕ್ಕೇ. ಭಾರದ ಪೆಟ್ಟಿಗೆ ನೆಲಕ್ಕೆ ಹತ್ತಿರ, ಮೂರನೇ ಸಾಲಿನ ಒರಗಿಗೆ ಒತ್ತಿಕೊಂಡಿರಲಿ. ಒರಗಿಗಿಂತ ಎತ್ತರಕ್ಕೆ ಪೇರಿಸಿದ್ದು ಗಟ್ಟಿ ಬ್ರೇಕಿನಲ್ಲಿ ನೇರ ಮೂರನೇ ಸಾಲಿನಲ್ಲಿ ಕೂತ ಮಗುವಿನ ತಲೆಗೇ ಬರುತ್ತದೆ. ಹೆಡ್‌ರೆಸ್ಟ್ ಎತ್ತದೆ ಅಲ್ಲಿ ಯಾರನ್ನೂ ಕೂರಿಸಬೇಡಿ.

ಇಷ್ಟು ಎತ್ತರದ ಗಾಡಿಯ ಹಿಂದಿನ ಗಾಜಿನ ಕೆಳಗೆ ಪುಟ್ಟ ಮಗು ನಿಂತರೆ ಕನ್ನಡಿಯಲ್ಲಿ ಕಾಣುವುದಿಲ್ಲ. ಹಳೆಯ ಮಾದರಿಯಲ್ಲಿ ಹಿಂದಿನ ಕ್ಯಾಮೆರಾ ಇಲ್ಲದಿದ್ದರೆ ಮೊದಲ ವಾರವೇ ಹಾಕಿಸಿ. ಇದ್ದರೂ ಮನೆ ಅಂಗಳದಿಂದ ರಿವರ್ಸ್ ತೆಗೆಯುವ ಮುನ್ನ ಒಮ್ಮೆ ಗಾಡಿ ಸುತ್ತಿಬಂದು, ಮಕ್ಕಳೆಲ್ಲ ಎಲ್ಲಿದ್ದಾರೆಂದು ಎಣಿಸಿ ಹತ್ತಿ.