ಕರುಳು ಕೆರಳದ ಹಾಗೆ ದಾಳಿಂಬೆ ರಸ ತೆಗೆಯುವುದು ಹೇಗೆ?

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡದವರ ಮನೆಗಳಲ್ಲಿ ಯಾರಿಗಾದರೂ ಕರುಳಿನ ಉರಿಯೂತ ಅಂತ ಗೊತ್ತಾದರೆ ಸಾಕು, ಮರುದಿನವೇ ಯಾರೋ ದಾಳಿಂಬೆ ಚೀಲ ಹಿಡಿದು ಬಂದಿರುತ್ತಾರೆ. ನನ್ನ ತಮ್ಮನಿಗೆ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣು ಆದಾಗಲೂ ಹಾಗೇ ಆಯಿತು. ಅಮ್ಮ ಕಾಳನ್ನೆಲ್ಲ ಮಿಕ್ಸಿಯಲ್ಲಿ ನುಣ್ಣಗೆ ತಿರುವಿ, ಟೀ ಸೋಸುವ ಜಾಲರಿಯಲ್ಲಿ ಸೋಸಿ, ದೊಡ್ಡ ಲೋಟದ ತುಂಬ ಕೊಟ್ಟರು. ಅವನು ರಾತ್ರಿಯೆಲ್ಲ ಬಾತ್‌ರೂಮಿನಲ್ಲೇ ಇದ್ದ.

ಮೊದಲೇ ಹೇಳಿಬಿಡುತ್ತೇನೆ, ರಸದಿಂದ ಈ ಕಾಯಿಲೆ ವಾಸಿಯಾಗುವುದಿಲ್ಲ. ದಾಳಿಂಬೆಯಲ್ಲಿರುವ ಪಾಲಿಫಿನಾಲ್ ಎಂಬ ಸಸ್ಯಾಂಶಗಳು ಇಲಿಗಳ ಮೇಲಿನ ಪ್ರಯೋಗದಲ್ಲಿ ಉರಿಯೂತ ತಗ್ಗಿಸಿವೆ, ಮನುಷ್ಯರ ವಿಷಯದಲ್ಲಿ ಅಷ್ಟು ಗಟ್ಟಿ ಪುರಾವೆ ಇಲ್ಲ. ಉರಿಯೂತ ತಗ್ಗಿಸಲು ಡಾಕ್ಟರ್ ಕೊಡುವ ಮೆಸಲಾಮಿನ್ ಗುಳಿಗೆ ನಿಲ್ಲಿಸಿ ರಸ ಕುಡಿಯುವುದು ಶುದ್ಧ ಹುಚ್ಚುತನ. ಕರುಳಿನ ಇನ್ನೊಂದು ಉರಿಯೂತವಾದ ಕ್ರೋನ್ಸ್ ಕಾಯಿಲೆಯಲ್ಲಿ ಕರುಳು ಕಿರಿದಾಗಿದ್ದರೆ ಬೀಜ, ನಾರು ಸಿಕ್ಕಿಕೊಳ್ಳಬಹುದು. ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ಹಣ್ಣು ಸೊಲ್ಲಾಪುರದ ಭಗವಾ ತಳಿಯದೇ ಇರಲಿ, ಬೀಜ ಮೆತ್ತಗಿರುತ್ತದೆ. ತೊಳೆದು, ನೀರು ತುಂಬಿದ ಪಾತ್ರೆಯೊಳಗೆ ಬಿಡಿಸಿ. ಬಿಳಿ ಪೊರೆ ತೇಲುತ್ತದೆ, ತೆಗೆದು ಎಸೆಯಿರಿ.

ಎಡವುವುದು ಇಲ್ಲಿಂದ ಮುಂದೆ. ಒಡೆಯಬೇಕಾದ್ದು ಕಾಳಿನ ಸುತ್ತಲಿನ ತಿರುಳು, ಒಳಗಿನ ಬೀಜ ಅಲ್ಲ. ಮಿಕ್ಸಿಯಲ್ಲಿ ಬೀಜ ಪುಡಿಯಾದರೆ ರಸ ಒಗರಾಗುತ್ತದೆ, ಆ ಪುಡಿ ಜಾಲರಿಯಲ್ಲೂ ನುಸುಳುತ್ತದೆ. ಅದಕ್ಕೆ ಕಾಳನ್ನು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಲಟ್ಟಣಿಗೆಯನ್ನು ಮೆಲ್ಲಗೆ ಉರುಳಿಸಿ. ಚಪಾತಿ ಲಟ್ಟಿಸುವಷ್ಟು ಒತ್ತಡ ಬೇಡ, ಅದರ ಅರ್ಧ ಸಾಕು. ಮಿಕ್ಸಿಯೇ ಬೇಕು ಅಂದರೆ ಒಂದೊಂದು ಸೆಕೆಂಡಿನಂತೆ ಮೂರು ಸಲ ತಿರುವಿ ನಿಲ್ಲಿಸಿ. ಆಮೇಲೆ ಹಳೆಯ, ಒಗೆದ ಮಲ್‌ಮಲ್ ಪಂಚೆಯ ತುಂಡನ್ನು ಎರಡು ಮಡಿಕೆ ಮಾಡಿ ಸೋಸಿ. ತಾನಾಗಿ ಇಳಿಯಲಿ. ಅವಸರಕ್ಕೆ ಬಟ್ಟೆ ಹಿಂಡಿದರೆ ಪಟ್ಟ ಪಾಡೆಲ್ಲ ದಂಡ, ನಾರೆಲ್ಲ ರಸಕ್ಕೆ ಇಳಿಯುತ್ತದೆ. ಹತ್ತು ನಿಮಿಷ ಬಿಟ್ಟು ಮೇಲಿನ ತಿಳಿ ಮಾತ್ರ ಬಗ್ಗಿಸಿಕೊಳ್ಳಿ. ತಳದ ಗಸಿ ಬೇಡ.

ಕಾಲು ಲೋಟ ರಸಕ್ಕೆ ಕಾಯಿಸಿ ಆರಿಸಿದ ನೀರು ಅಷ್ಟೇ ಸೇರಿಸಿ. ಸಕ್ಕರೆ, ಐಸ್ ಬೇಡ.

ಇಷ್ಟೆಲ್ಲ ಯಾಕೆ, ಪ್ಯಾಕೆಟ್ ತಂದರಾಯಿತು ಅಲ್ವಾ ಅನ್ನಬಹುದು. ಆದರೆ ಬಹಳ ಪ್ಯಾಕೆಟ್‌ಗಳಲ್ಲಿ ಹಣ್ಣಿಗಿಂತ ಸಕ್ಕರೆ ನೀರೇ ಜಾಸ್ತಿ. ‘ನೂರಕ್ಕೆ ನೂರು ಹಣ್ಣಿನ ರಸ’ ಅಂತ ಬರೆದದ್ದನ್ನು ತೆಗೆಯಿರಿ ಎಂದು 2024ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವೇ ಕಂಪನಿಗಳಿಗೆ ಹೇಳಿತು. ಸ್ಟೇಷನ್ ಹೊರಗಿನ ಗಾಡಿ ಜ್ಯೂಸ್ ಅಂತೂ ಬೇಡವೇ ಬೇಡ. ರೋಗನಿರೋಧಕ ಶಕ್ತಿ ತಗ್ಗಿಸುವ ಅಜಾಥಿಯೋಪ್ರಿನ್‌ನಂಥ ಗುಳಿಗೆ ತಗೊಳ್ಳುವವರಿಗೆ ಸೋಂಕು ಬೇಗ ತಗಲುತ್ತದೆ. ಸೇಬು, ಪೇರ್ ಹಣ್ಣಿನ ರಸದಲ್ಲಿರುವ ಸಾರ್ಬಿಟಾಲ್ ಎಂಬ ಸಿಹಿ ಅಂಶ ಕರುಳಿಗೆ ನೀರು ಎಳೆದು ಭೇದಿ ಹೆಚ್ಚಿಸುತ್ತದೆ. ಬುಡೆಸೊನೈಡ್ ಎಂಬ ಸ್ಟಿರಾಯ್ಡ್ ಔಷಧ ತಗೊಳ್ಳುತ್ತಿದ್ದರೆ ಗ್ರೇಪ್‌ಫ್ರೂಟ್ (ದ್ರಾಕ್ಷಿಯಲ್ಲ, ಚಕ್ಕೋತದಂಥ ಹಣ್ಣು) ಮುಟ್ಟಬೇಡಿ, ಔಷಧ ಮೈಯಲ್ಲಿ ಮಿತಿಮೀರುತ್ತದೆ.

ಕುಡಿಯುವುದು ಊಟವಾದ ಮೇಲೆ, ಗುಟುಕು ಗುಟುಕಾಗಿ. ಕಾಯಿಲೆ ಕೆರಳಿರುವಾಗ ಬೇಡ. ಆಗ ನೀರಿನಂಶ ಹೋಗುತ್ತಿದ್ದರೆ ಓಆರ್‌ಎಸ್ ಕೊಡಿ. ರಕ್ತ, ಜ್ವರ ಕಂಡರೆ ಆಸ್ಪತ್ರೆಗೆ ಹೊರಡಿ.

ಮೊದಲ ಸಲದ ಪರೀಕ್ಷೆ ಭಾನುವಾರ ಮನೆಯಲ್ಲೇ ಆಗಲಿ. ಸೋಮವಾರ ಬೆಳಗ್ಗೆ ಸುಮ್ನೆ ಸಾಹಸ ಬೇಡ, ಡೊಂಬಿವಲಿಯಿಂದ ದಾದರ್‌ವರೆಗೆ ಲೋಕಲ್‌ನಲ್ಲಿ ಶೌಚಾಲಯ ಇಲ್ಲ. ಉಳಿದ ರಸವನ್ನು ಫ್ರಿಜ್‌ನಲ್ಲಿಟ್ಟು ರೋಗಿಗೆ ನಾಳೆ ಕೊಡಬೇಡಿ, ಅವತ್ತೇ ಮನೆಯವರು ಕುಡಿದುಬಿಡಿ.