ಆ ಕಾಗದ ಅವಳ ಕೈ ಸೇರಿತಾ?

ವಾರಕ್ಕೊಮ್ಮೆ ಅರ್ಧ ಗಂಟೆಯ ಪುಸ್ತಕ ಕಾರ್ಯಕ್ರಮ ನಡೆಸಿಕೊಡಿ ಎಂದು ಚಾನೆಲ್‌ನವರು ಕರೆದಾಗ ನಾನು ಮಾಡಿದ ಮೊದಲ ತಪ್ಪು, ಇಬ್ಬರು ವಿಮರ್ಶಕರನ್ನು ಎದುರುಬದುರು ಕೂರಿಸಿದ್ದು. ಒಬ್ಬರು "ಪಠ್ಯದೊಳಗಿನ ಮೌನ" ಎಂದರು, ಇನ್ನೊಬ್ಬರು ತಲೆದೂಗಿದರು. ಅರ್ಥವಾಗದಿದ್ದರೂ ನಾನೂ ತಲೆದೂಗಿದೆ. ಬ್ರೇಕ್‌ನಲ್ಲಿ ಲೈಟ್ ತಿರುಗಿಸಲು ಏಣಿ ಹತ್ತಿದ್ದ ಹುಡುಗ ಮೇಲಿಂದಲೇ ಕೇಳಿದ: "ಸಾರ್, ಆ ಕಾಗದ ಕೊನೆಗೂ ಅವಳ ಕೈ ಸೇರಿತಾ?"

ಅಷ್ಟು ಹೊತ್ತಿನ ಮಾತಿನಲ್ಲಿ ಅವನ ಕಿವಿಗೆ ಬಿದ್ದಿದ್ದು, ಶುರುವಿನಲ್ಲಿ ಕಥೆ ಹೇಳುವಾಗ ನಾನು ಆಡಿದ್ದ ಒಂದೇ ವಾಕ್ಯ. ತಮಾಷೆಯೆಂದರೆ ಆ ಕಾದಂಬರಿ ನಿಂತಿರುವುದೇ ಆ ಕಾಗದದ ಮೇಲೆ. ವಿಮರ್ಶಕರು ಹೇಳುತ್ತಿದ್ದ ಮೌನವೂ ಅದೇ. ಬ್ರೇಕ್ ಮುಗಿದ ಮೇಲೆ ಹುಡುಗನ ಪ್ರಶ್ನೆಯನ್ನೇ ಕೇಳಿದೆ. ಒಬ್ಬರು "ಸೇರಲಿಲ್ಲ" ಎಂದರು. ಇನ್ನೊಬ್ಬರು "ಸೇರಿತು, ಅವಳು ಒಡೆದು ಓದಲಿಲ್ಲ ಅಷ್ಟೆ" ಎಂದರು. ಇಬ್ಬರೂ ಪುಸ್ತಕ ಎಳೆದುಕೊಂಡು ಪುಟ ತಿರುವತೊಡಗಿದರು. ಅವತ್ತಿನ ಸಂಚಿಕೆಗೆ ಜೀವ ಬಂದದ್ದು ಆಗಲೇ.

ಫ್ರಾನ್ಸಿನ ಬರ್ನಾರ್ ಪಿವೊ ಬಗ್ಗೆ ಓದಿದ್ದೆ, ಆದರೆ ತಪ್ಪಾಗಿ ಅರ್ಥ ಮಾಡಿಕೊಂಡಿದ್ದೆ. 1975ರಿಂದ 1990ರವರೆಗೆ ಶುಕ್ರವಾರ ರಾತ್ರಿಗಳಲ್ಲಿ ಅವರು ಟಿವಿಯಲ್ಲಿ 'ಅಪಾಸ್ಟ್ರೊಫ್' ಎಂಬ ಪುಸ್ತಕ ಕಾರ್ಯಕ್ರಮ ನಡೆಸಿದರು. ಅಲ್ಲಿ ಬಂದ ಪುಸ್ತಕಗಳಿಗಾಗಿ ಜನ ಅಂಗಡಿಗೆ ಹೋಗುತ್ತಿದ್ದರು. ನಾನು ಅವರನ್ನು ದೊಡ್ಡ ಪಂಡಿತರೆಂದುಕೊಂಡಿದ್ದೆ. ಅವರು ಪತ್ರಕರ್ತರು, ಫುಟ್‌ಬಾಲ್ ಹುಚ್ಚಿನವರು. 'ಲೋಲಿತಾ' ಬರೆದ ಕಾದಂಬರಿಕಾರ ನಬೊಕೊವ್ ಬಂದಾಗಲೂ ಓದುಗನ ಕುತೂಹಲದಿಂದಲೇ ಪ್ರಶ್ನೆ ಕೇಳಿದವರು. ಹಾಗೆ ಕೇಳಬೇಕಾದರೆ ಮೊದಲು ಪುಸ್ತಕವನ್ನು ಪೂರ್ತಿ ಓದಿರಬೇಕು, ಅದಕ್ಕೆ ಅಡ್ಡದಾರಿ ಇಲ್ಲ. ಬೆನ್ನುಪುಟ ಓದಿಕೊಂಡು ಹೋದ ದಿನ ನಾನು ಸಿಕ್ಕಿಬಿದ್ದೆ. ಲೇಖಕಿ ನಗುತ್ತಾ "ಆ ಪಾತ್ರ ಮೂರನೇ ಅಧ್ಯಾಯದಲ್ಲೇ ಸಾಯುತ್ತೆ" ಎಂದರು. ಎಡಿಟಿಂಗ್‌ನಲ್ಲಿ ಅದನ್ನು ತೆಗೆಯಬಹುದಿತ್ತು. ತೆಗೆಯಲಿಲ್ಲ.

ಆಮೇಲೆ ಇನ್ನೊಂದು ಅತಿಗೆ ಹೋದೆವು. ನೋಡುವವರು ಹೆಚ್ಚಲಿ ಅಂತ ಒಬ್ಬ ನಟರನ್ನು ಕರೆಸಿದೆವು. ಪುಸ್ತಕ ಅವರ ಕೈಯಲ್ಲಿತ್ತು, ಆದರೆ ಅದರ ಬೆನ್ನು ಒಂದು ಸಲವೂ ಮಡಿಚಿರಲಿಲ್ಲ. ಕ್ಲೋಸಪ್‌ನಲ್ಲಿ ಅದು ಎಲ್ಲರಿಗೂ ಕಾಣುತ್ತಿತ್ತು. ನುಣುಪು ರಕ್ಷಾಪುಟದ ಮೇಲೆ ಲೈಟ್ ಬಿದ್ದು ಬಿಳಿ ಮಚ್ಚೆ ಬೇರೆ.

ಜನ ಸೇರಲು ತಾರೆಯೇ ಬೇಕು ಅನ್ನುವವರು ಜರ್ಮನಿಯ ಟಿವಿ ಕಾರ್ಯಕ್ರಮ 'ಲಿಟರರಿಶೆಸ್ ಕ್ವಾರ್ಟೆಟ್' ನೆನಪಿಸಿಕೊಳ್ಳಬೇಕು. 1988ರಿಂದ 2001ರವರೆಗೆ ನಾಲ್ಕು ಜನ ಕೂತು ಪುಸ್ತಕಗಳ ಮೇಲೆ ಜಗಳವಾಡಿದರು. ಅವರಲ್ಲೊಬ್ಬರಾದ ವಿಮರ್ಶಕ ರೈಷ್-ರಾನಿಕಿ ಬೆರಳು ಎತ್ತಿ ಗುಡುಗುವುದನ್ನು ನೋಡಲೆಂದೇ ಟಿವಿ ಹಾಕಿದವರಿದ್ದರು. 2000ರಲ್ಲಿ ಒಂದು ಕಾದಂಬರಿಯ ಮೇಲಿನ ಜಗಳದ ನಂತರ ಅದೇ ಗುಂಪಿನ ವಿಮರ್ಶಕಿ ಸಿಗ್ರಿಡ್ ಲ್ಯೋಫ್ಲರ್ ಕಾರ್ಯಕ್ರಮವನ್ನೇ ಬಿಟ್ಟರು. ಓದಿದವರಷ್ಟೇ ಹಾಗೆ ಜಗಳವಾಡಬಲ್ಲರು.

ನನಗೆ ಹೆಚ್ಚು ಕಾಡಿದ್ದು ಆಚೆ ಕಡೆಯ, ಅಂದರೆ ಲೇಖಕರ ಹಿಂಜರಿಕೆ. ಹಿರಿಯ ಕಾದಂಬರಿಕಾರರೊಬ್ಬರು "ನಿಮ್ಮಲ್ಲಿಗೆ ಬಂದರೆ ನನ್ನ ಪುಸ್ತಕ ಹಗುರವಾಗುತ್ತಪ್ಪ" ಎಂದರು. ಅಮೆರಿಕದ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರಿ 1996ರಲ್ಲಿ ಶುರು ಮಾಡಿದ ಬುಕ್ ಕ್ಲಬ್ ಲಕ್ಷಾಂತರ ಜನರ ಕೈಗೆ ಪುಸ್ತಕ ಕೊಟ್ಟಿತ್ತು. ಆದರೂ 2001ರಲ್ಲಿ ತಮ್ಮ ಪುಸ್ತಕ ಅಲ್ಲಿಗೆ ಆಯ್ಕೆಯಾದಾಗ ಕಾದಂಬರಿಕಾರ ಜೊನಾಥನ್ ಫ್ರಾನ್ಜನ್ ಬಹಿರಂಗವಾಗಿಯೇ ಮುಜುಗರ ತೋಡಿಕೊಂಡರು, ಓಪ್ರಾ ಆಹ್ವಾನ ಹಿಂತೆಗೆದುಕೊಂಡರು. ನಾನು ನಮ್ಮ ಹಿರಿಯರೊಡನೆ ವಾದಕ್ಕೆ ಇಳಿಯಲಿಲ್ಲ. "ಮಾತು ಬೇಡ ಸಾರ್, ಒಂದು ಪುಟ ಓದಿ" ಎಂದೆ.

ಬಂದರು. ತಗ್ಗಿದ ದನಿ, ಏರಿಳಿತವಿಲ್ಲ. ಇಯರ್‌ಪೀಸ್‌ನಲ್ಲಿ ನಿರ್ಮಾಪಕರು "ಇನ್ನೊಂದು ಟೇಕ್" ಎನ್ನುತ್ತಲೇ ಇದ್ದರು. "ನಾಟಕ ನನಗೆ ಬರಲ್ಲ" ಎಂದು ಅವರು ಪುಸ್ತಕ ಮುಚ್ಚಿದರು. ಹಾಗೆಯೇ ಪ್ರಸಾರವಾಯಿತು. ಮುಂದಿನ ವಾರ ವೀಕ್ಷಕರೊಬ್ಬರಿಂದ ಒಂದೇ ಸಾಲಿನ ಕಾಗದ: "ಅವರು ಉಳಿದದ್ದನ್ನು ಯಾವತ್ತು ಓದುತ್ತಾರೆ?" ಅದನ್ನು ಒಯ್ದು ಅವರಿಗೆ ಕೊಟ್ಟೆ. ಎರಡು ಸಲ ಓದಿದರು. ಪೆನ್ನು ತೆಗೆದು ಒಂದು ಕಾಗುಣಿತದ ತಪ್ಪು ತಿದ್ದಿ, ಮಡಚಿ, ಜೇಬಿಗೆ ಹಾಕಿಕೊಂಡರು.