‘ಸುಮ್ನೆ ಮನೇಲಿದ್ದೆ ಸಾರ್’

ನಾನು ಬಿಕಾಂ ಮುಗಿಸಿದ್ದು 2018ರಲ್ಲಿ. ಊರು ಸಾಗರದ ಹತ್ತಿರ, ಡಾಂಬರು ರಸ್ತೆಯಿಂದ ಮೂರು ಕಿಲೋಮೀಟರ್ ಒಳಗೆ. ಕೆಲಸ ಸಿಕ್ಕಿದ್ದು ಹನ್ನೊಂದು ತಿಂಗಳಾದ ಮೇಲೆ. ಅಷ್ಟೂ ದಿನ ನಾನು ಬೈದುಕೊಂಡಿದ್ದು ನನ್ನ ಇಂಗ್ಲಿಷನ್ನು. ಈಗ ಶಿವಮೊಗ್ಗದ ಮಾಚೇನಹಳ್ಳಿಯಲ್ಲಿ ಒಂದು ಫೌಂಡ್ರಿಯ, ಅಂದರೆ ಲೋಹ ಎರಕ ಹೊಯ್ಯುವ ಕಾರ್ಖಾನೆಯ, ಅಕೌಂಟ್ಸ್ ನೋಡುತ್ತೇನೆ, ಹೊಸಬರ ಸಂದರ್ಶನ ಇದ್ದರೆ ನನ್ನನ್ನೂ ಕೂರಿಸುತ್ತಾರೆ. ಮೇಜಿನ ಈ ಕಡೆ ಕೂತ ಮೇಲೆ ಗೊತ್ತಾಯಿತು, ಬರೀ ಇಂಗ್ಲಿಷ್ ಬರಲಿಲ್ಲ ಅಂತ ನಾವು ಬಿಟ್ಟವರು ಇಲ್ಲವೇ ಇಲ್ಲ ಅನ್ನಬಹುದು.

ನನ್ನ ಮೊದಲ ರೆಸ್ಯೂಮೆ ಗೆಳತಿಯದ್ದು. ಹೆಸರು ಮಾತ್ರ ಬದಲಾಯಿಸಿದ್ದೆ. ಮೇಲೆ ಒಂದು ದೊಡ್ಡ ಉದ್ದೇಶ, ಸವಾಲಿನ ವಾತಾವರಣದಲ್ಲಿ ದುಡಿಯುವ ಆಸೆ ಅಂತ. ಕೆಳಗೆ ಅಪ್ಪನ ಹೆಸರು, ಜಾತಿ, ಮದುವೆ ಆಗಿದೆಯೋ ಇಲ್ಲವೋ, ಹವ್ಯಾಸ ಹಾಡು ಕೇಳುವುದು, ಕೊನೆಗೆ ಮೇಲಿನದೆಲ್ಲ ಸತ್ಯ ಅಂತ ಪ್ರಮಾಣ ಮಾಡಿ ಸಹಿ. ಸಂಬಂಧ ನೋಡಲು ಕಳಿಸುವ ಜಾತಕದ ಚೀಟಿಗೂ ಅದಕ್ಕೂ ವ್ಯತ್ಯಾಸ ಇರಲಿಲ್ಲ. ಅದನ್ನೇ ಕಾಲ್ ಸೆಂಟರ್‌ಗೂ ಕಳಿಸಿದೆ, ಬಟ್ಟೆ ಶೋರೂಮಿಗೂ ಕಳಿಸಿದೆ, ಆಡಿಟರ್ ಆಫೀಸಿಗೂ ಕಳಿಸಿದೆ. ಕೆಲಸ ಹುಡುಕುವ ನೌಕ್ರಿ ವೆಬ್‌ಸೈಟಿನಲ್ಲಿ ಕಂಡಿದ್ದಕ್ಕೆಲ್ಲ ಬಟನ್ ಒತ್ತುವುದು, ರಾತ್ರಿ ನೂರು ಅರ್ಜಿ ಆಯ್ತು ಅಂತ ಸಮಾಧಾನದಲ್ಲಿ ಮಲಗುವುದು.

ಇನ್ನು ಫೋನ್. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಟವರೂ ಹೋಗುತ್ತದೆ, ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ ಅಲ್ವಾ. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಜಗಲಿಯ ಒಂದೇ ಮೂಲೆಯಲ್ಲಿ. ಆ ಜುಲೈನಲ್ಲಿ ಬೆಂಗಳೂರಿನ ಒಂದು ಕಂಪನಿಯವರು ಎರಡು ದಿನ ಪ್ರಯತ್ನಿಸಿ, ಕೊನೆಗೆ ಮೇಲ್ ಹಾಕಿದ್ದರು. ನಾನು ಮೇಲ್ ತೆರೆದಿದ್ದು ಒಂಬತ್ತು ದಿನ ಬಿಟ್ಟು. ಆಮೇಲೆ ರೆಸ್ಯೂಮೆಯಲ್ಲಿ ಸಾಗರ ಪೇಟೆಯಲ್ಲಿರುವ ಅಕ್ಕನ ನಂಬರ್ ಕೂಡ ಹಾಕಿದೆ, ಕರೆ ಸಿಗದಿದ್ದರೆ ವಾಟ್ಸಾಪ್ ಮಾಡಿ ಅಂತ ಒಂದು ಸಾಲು ಸೇರಿಸಿದೆ. ಇಷ್ಟೇ ಕೆಲಸ, ಮೊದಲೇ ಮಾಡಬಹುದಿತ್ತು.

ಸಂದರ್ಶನಗಳ ಕಥೆ ಬೇರೆ. ತಾಳಗುಪ್ಪದಿಂದ ಬರುವ ರಾತ್ರಿ ರೈಲಿಗೆ ಸಾಗರದಲ್ಲಿ ಹತ್ತಿ, ಬೆಳಗ್ಗೆ ಬೆಂಗಳೂರಲ್ಲಿ ಇಳಿದು, ನಿದ್ದೆಗಣ್ಣಲ್ಲೇ ಹೋಗಿ ಕೂತೆ. ‘ನಮ್ಮ ಕಂಪನಿ ಏನು ಮಾಡುತ್ತೆ?’ ಅಂದರು. ಇಡೀ ರಾತ್ರಿ ರೈಲಲ್ಲಿ ಕೂತಿದ್ದವಳು ಅದೊಂದನ್ನು ಓದಿಕೊಂಡಿರಲಿಲ್ಲ. ಇನ್ನೊಂದು ಕಡೆ ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಚೆನ್ನಾಗಿ ಬರುತ್ತೆ ಅಂದೆ. ಅವರು ಬ್ಯಾಂಕ್ ಸ್ಟೇಟ್‌ಮೆಂಟ್ ಕೊಟ್ಟು, ಪುಸ್ತಕದ ಬಾಕಿಗೂ ಇದಕ್ಕೂ ತಾಳೆ ಹಾಕಿ ಅಂದರು. ಕೊಟ್ಟ ಚೆಕ್ ಇನ್ನೂ ಪಾಸಾಗಿಲ್ಲ, ಬ್ಯಾಂಕ್ ಚಾರ್ಜ್ ನಮ್ಮ ಪುಸ್ತಕಕ್ಕೆ ಏರಿಲ್ಲ, ಅಷ್ಟೇ ಇದ್ದಿದ್ದು. ನನಗೆ ಅದೆಲ್ಲ ಗೊತ್ತಿತ್ತು, ಆದರೆ ಪರದೆಯಲ್ಲಿ ಯಾವ ಕೀ ಒತ್ತಬೇಕು ಅಂತ ಹುಡುಕುತ್ತಾ ಹುಡುಕುತ್ತಾ ಬೆವರಿಬಿಟ್ಟೆ. ಸಂಬಳ ಎಷ್ಟು ಬೇಕು ಅಂತ ಕೇಳಿದರೆ ‘ನೀವು ಕೊಟ್ಟಷ್ಟು’ ಅನ್ನುತ್ತಿದ್ದೆ. ಅದನ್ನು ಅವರು ವಿನಯ ಅಂದುಕೊಳ್ಳುವುದಿಲ್ಲ.

ಮಧ್ಯೆ ಒಂದು ಏಜೆನ್ಸಿಗೆ ನೋಂದಣಿ ಅಂತ ಮೂರು ಸಾವಿರ ಕೊಟ್ಟೆ. ಅಪ್ಪ ಅಡಿಕೆ ಗೊನೆ ಕೊಯ್ಲಿನ ಕೂಲಿಗೆ ತೆಗೆದಿಟ್ಟಿದ್ದ ದುಡ್ಡು ಅದು. ಆಮೇಲೆ ಆ ನಂಬರ್ ಸ್ವಿಚ್ ಆಫ್. ಕೆಲಸ ಕೊಡುವವರು ನಿಮ್ಮ ಹತ್ತಿರ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ, ಇನ್ನೇನೂ ಯೋಚಿಸಬೇಡಿ.

ನನ್ನ ದೊಡ್ಡ ತಪ್ಪು ಮಾತ್ರ ಇವ್ಯಾವುದೂ ಅಲ್ಲ. ಶಿವಮೊಗ್ಗದ ಒಂದು ಆಡಿಟರ್ ಆಫೀಸಿನಲ್ಲಿ ಸಂದರ್ಶನ ಚೆನ್ನಾಗಿಯೇ ನಡೆದಿತ್ತು. ಕೊನೆಗೆ ‘ಓದು ಮುಗಿದು ಎಂಟು ತಿಂಗಳಾಯ್ತು, ಏನ್ ಮಾಡ್ತಾ ಇದ್ರಿ?’ ಅಂತ ಕೇಳಿದರು. ‘ಸುಮ್ನೆ ಮನೇಲಿದ್ದೆ ಸಾರ್’ ಅಂದೆ. ತಿಳಿಸುತ್ತೇವೆ ಅಂದರು. ವಾಪಸ್ ಸಾಗರದ ಬಸ್ಸು ಆನಂದಪುರ ದಾಟುವಾಗ ಮಾವನ ಫೋನ್ ಬಂತು. ‘ಇವತ್ತು ಹದಿನೆಂಟು, 3ಬಿ ಹಾಕಕ್ಕೆ ಯಾವಾಗ ಬರ್ತೀಯೇ?’

ಮಾವನದ್ದು ಅಡಿಕೆ ವ್ಯಾಪಾರ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಅವರು ಕಂಗಾಲಾಗಿದ್ದರು. ಒಣ ಅಡಿಕೆಗೆ 5 ಪರ್ಸೆಂಟ್, ಚಾಲಿ ಅಡಿಕೆಯಾಗಲಿ ರಾಶಿ ಅಡಿಕೆಯಾಗಲಿ ಬಿಲ್ ಇಲ್ಲದೆ ಹೊರಗೆ ಹೋಗುವಂತಿಲ್ಲ, ತಿಂಗಳ 20ರೊಳಗೆ 3ಬಿ ಅನ್ನುವ ತೆರಿಗೆ ರಿಟರ್ನ್. ಆಗಿನಿಂದ ಅದೆಲ್ಲ ನೋಡುತ್ತಿದ್ದವಳು ನಾನೇ. ಒಂದೂವರೆ ವರ್ಷ! ಮನೆಯವರ ಕೆಲಸ, ಸಂಬಳ ಇಲ್ಲ, ಹಾಗಾಗಿ ಅದು ಕೆಲಸವೇ ಅಲ್ಲ ಅಂದುಕೊಂಡಿದ್ದೆ. ಅದೂ ಆಡಿಟರ್ ಎದುರಿಗೆ ಕೂತು ಅದನ್ನು ಬಾಯಿ ಬಿಡಲಿಲ್ಲ. ಬಸ್ಸಲ್ಲೇ ತಲೆ ಚಚ್ಚಿಕೊಳ್ಳಬೇಕು ಅನಿಸಿತು.

ಆ ವಾರ ರೆಸ್ಯೂಮೆ ಹೊಸದಾಗಿ ಬರೆದೆ. ಒಂದೇ ಪುಟ. ಮೊದಲ ಸಾಲೇ ಮಾವನ ಅಂಗಡಿ: ತಿಂಗಳಿಗೆ ಎಷ್ಟು ಬಿಲ್, ಯಾವ ರಿಟರ್ನ್, ಯಾವಾಗಿನಿಂದ. ಅರ್ಜಿ ಹಾಕಿದ್ದು ಅಕೌಂಟ್ಸ್ ಕೆಲಸಕ್ಕೆ ಮಾತ್ರ, ವಾರಕ್ಕೆ ನಾಲ್ಕೈದು. ಜಾಹೀರಾತಿನಲ್ಲಿ ಟ್ಯಾಲಿ ಅಂತ ಇದ್ದರೆ ನನ್ನದರಲ್ಲೂ ಟ್ಯಾಲಿ ಅನ್ನುವ ಪದ ಇದೆಯಾ ಅಂತ ನೋಡಿಯೇ ಕಳಿಸುತ್ತಿದ್ದೆ. ಮಾವನ ಕಂಪ್ಯೂಟರಿನಲ್ಲಿ ಬ್ಯಾಂಕ್ ತಾಳೆಯನ್ನು ಹದಿನೈದು ದಿನ ಮಾಡಿ ಮಾಡಿ ಕೈಗೆ ಹತ್ತಿಸಿಕೊಂಡೆ.

ಫೌಂಡ್ರಿಯಲ್ಲಿ ಕೇಳಿದ್ದು, ‘ತಪ್ಪು ಮಾಡಿದ್ದು ಯಾವುದಾದರೂ ಇದ್ದರೆ ಹೇಳಿ.’ ಹೇಳಿದೆ. ಒಬ್ಬ ಖರೀದಿದಾರರ ಬಿಲ್‌ಗೆ 15 ಅಕ್ಷರದ ಜಿಎಸ್‌ಟಿ ನಂಬರ್ ಹಾಕುವಾಗ ತಪ್ಪಿ ಬೇರೆ ಗಿರಾಕಿಯದ್ದನ್ನು ಹಾಕಿದ್ದೆ. ನಮ್ಮ ಬಿಲ್ ಅವರ ಲೆಕ್ಕದಲ್ಲಿ ಕಾಣಿಸಲಿಲ್ಲ, ಅವರು ಮಾವನಿಗೆ ಫೋನ್ ಮಾಡಿ ಕೂಗಾಡಿದರು. ಮಾರಾಟದ ಬಿಲ್‌ಗಳನ್ನು ತೋರಿಸುವ ರಿಟರ್ನ್ ಜಿಎಸ್‌ಟಿಆರ್-1, ಮುಂದಿನ ಸಲ ಅದರಲ್ಲಿ ತಿದ್ದುಪಡಿ ಹಾಕಿ ಸರಿ ಮಾಡಿದೆ. ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಹೇಳಿದ್ದು. ಅವರು ನಕ್ಕು, ಬರುವ ಸೋಮವಾರದಿಂದ ಬನ್ನಿ ಅಂದರು.

ಹೋದ ತಿಂಗಳು ಹೊಸನಗರ ಕಡೆಯ ಹುಡುಗನೊಬ್ಬ ಸಂದರ್ಶನಕ್ಕೆ ಬಂದಿದ್ದ. ಓದು ಮುಗಿದು ಒಂದು ವರ್ಷ. ಏನು ಮಾಡುತ್ತಿದ್ದೀರಿ ಅಂದರೆ ತಲೆ ತಗ್ಗಿಸಿ, ‘ಸುಮ್ನೆ ಮನೇಲಿದ್ದೀನಿ ಮೇಡಂ.’

‘ತೋಟದ ಕೂಲಿ ಲೆಕ್ಕ ಯಾರು ಬರೆಯೋದು?’ ಅಂದೆ.

‘ಅದಾ? ನಾನೇ.’

ಪೆನ್ನು ಪೇಪರ್ ಅವನ ಕಡೆ ತಳ್ಳಿದೆ, ಹೇಗೆ ಬರೆಯುತ್ತೀರಿ ತೋರಿಸಿ ಅಂತ.